ಬೆಳೆಯುವ ಮನೆಗಳ ಊರಿನಲ್ಲಿ ಒಂದು ದಿನ

ನಿಮ್ಮ ಮನೆ ಕಟ್ಟಿಸಿದಾಗ ಅದರಲ್ಲಿ ಎಷ್ಟು ಜನರಿದ್ದರು? ಈಗ ಎಷ್ಟು ಜನರಿದ್ದಾರೆ? ಇನ್ನು ಹತ್ತು ವರ್ಷ ಕಳೆದರೆ ಎಷ್ಟು ಜನರಿರಬಹುದು? ಕೈಯಲ್ಲಿರುವ ಕೆಲಸವನ್ನು ಒಂದು ನಿಮಿಷ ಬದಿಗಿಟ್ಟು ಲೆಕ್ಕ ಹಾಕಿ ನೋಡಿ.

ನಮ್ಮ ಬದುಕು ಒಂದೇ ತೆರನಾಗಿ ನಿಲ್ಲುವುದಿಲ್ಲ. ಮಗನಿಗೆ ಮದುವೆಯಾಗಿ ಸೊಸೆ ಬರುತ್ತಾಳೆ. ಮಗಳು ಬಾಣಂತನಕ್ಕೆಂದು ಬರುತ್ತಾಳೆ. ನಿನ್ನೆಯವರೆಗೆ ಮಹಡಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಅತ್ತೆಗೆ ಇಂದು ಮಂಡಿ ನೋವು. ಒಬ್ಬ ಮಗ ದುಬೈಗೆ ಹೋಗುತ್ತಾನೆ, ಇನ್ನೊಬ್ಬ ಬೆಂಗಳೂರಿಗೆ. ಕೊನೆಗೆ ಐದು ಕೋಣೆಗಳ ಮನೆಯಲ್ಲಿ ಇಬ್ಬರೇ ಮುದುಕರು ಉಳಿಯುತ್ತಾರೆ. ಎಲ್ಲವೂ ಬದಲಾಗುತ್ತದೆ. ಗೋಡೆಗಳು ಮಾತ್ರ ಕಟ್ಟಿದಲ್ಲೇ ನಿಂತಿರುತ್ತವೆ.

ಇದನ್ನು ನಾನು ಮೊದಲೆಂದೂ ಯೋಚಿಸಿದವಳಲ್ಲ. ಯೋಚಿಸುವಂತೆ ಮಾಡಿದ್ದು ಒಂದು ಪ್ರಯಾಣ, ಮತ್ತು ನನ್ನ ತಮ್ಮನ ಮನೆಯ ಪ್ಲ್ಯಾನ್.

ತಮ್ಮ ಗಲ್ಫ್‌ನಲ್ಲಿದ್ದಾನೆ. ಹದಿನಾಲ್ಕು ವರ್ಷ ದುಡಿದು ಊರಲ್ಲಿ ಹನ್ನೆರಡು ಸೆಂಟ್ಸ್ ಜಾಗ ಮಾಡಿದ್ದಾನೆ. ಆ ಜಾಗದಲ್ಲಿ ಎರಡು ಮಹಡಿಯ, ಮೂರು ಸಾವಿರ ಚದರಡಿಯ ಮನೆಯ ನಕ್ಷೆ ತಯಾರಾಗಿ ನನ್ನ ಮೊಬೈಲಿಗೆ ಬಂದಿತ್ತು. ಮಲಗುವ ಕೋಣೆಗಳು ಐದು, ಅವುಗಳಲ್ಲಿ ನಾಲ್ಕು ಮೇಲೆ. ನಕ್ಷೆ ನೋಡಲು ಬಹಳ ಚೆನ್ನಾಗಿತ್ತು. ಆದರೆ ಕೈಯಲ್ಲಿದ್ದ ಹಣ ಅರ್ಧಕ್ಕೂ ಸಾಲದು. ಉಳಿದದ್ದಕ್ಕೆ ಬ್ಯಾಂಕ್ ಸಾಲ. ಉಮ್ಮ ಮಾತ್ರ, "ಬಡ್ಡಿಯ ಮನೆಯಲ್ಲಿ ನನಗೆ ನಿದ್ದೆ ಬಾರದು" ಎಂದು ಒಂದೇ ಮಾತು ಹೇಳಿ ಸುಮ್ಮನಾದರು. ತಮ್ಮ, "ಅಕ್ಕಾ, ನೀನೇ ಉಮ್ಮನಿಗೆ ತಿಳಿಸಿ ಹೇಳು. ಈಗ ಕಟ್ಟದಿದ್ದರೆ ಇನ್ನೆಂದೂ ಕಟ್ಟಲಾಗದು" ಎಂದು ಫೋನಿನಲ್ಲಿ ಹೇಳಿದ. ಯಾರಿಗೆ ಏನು ಹೇಳಬೇಕೆಂದು ತಿಳಿಯದೆ ನಾನು ನಡುವೆ ಸಿಕ್ಕಿಹಾಕಿಕೊಂಡಿದ್ದೆ.

ಅದೇ ಸಮಯದಲ್ಲಿ ಅಕ್ಕನ ಮಗನನ್ನು ಕಾಲೇಜಿಗೆ ಸೇರಿಸಲು ಮಧ್ಯಪ್ರದೇಶದ ಇಂದೋರ್‌ಗೆ ಹೋಗಬೇಕಾಗಿ ಬಂತು. ಆರ್ಕಿಟೆಕ್ಚರ್ ಓದುತ್ತಿರುವ ನನ್ನ ಮಗಳು, "ಇಂದೋರ್‌ಗೆ ಹೋಗಿ ಅರಣ್ಯ ನೋಡದೆ ಬಂದರೆ ನಾನು ಮಾತಾಡುವುದಿಲ್ಲ" ಎಂದಳು. ಯಾವುದೋ ಕಾಡು ಇರಬೇಕೆಂದುಕೊಂಡೆ. ಅದು ಕಾಡಲ್ಲ, ಮನೆಗಳ ಒಂದು ಬಡಾವಣೆ ಎಂದು ಅವಳೇ ತಿಳಿಸಿದಳು.

ಸ್ಕೀಮ್ ನಂಬರ್ 78

ಮುಂಬೈಯಿಂದ ರಾತ್ರಿಯ ರೈಲು ಹಿಡಿದರೆ ಬೆಳಗ್ಗೆ ಇಂದೋರ್. 2017ರಿಂದ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮತ್ತೆ ಮತ್ತೆ ದೇಶದಲ್ಲೇ ಮೊದಲ ಸ್ಥಾನ ಪಡೆದ ನಗರವಿದು. ಬೆಳಗಿನ ತಿಂಡಿಗೆ ಅವಲಕ್ಕಿಯ ಪೋಹಾ, ಜೊತೆಗೆ ಬಿಸಿ ಜಿಲೇಬಿ. ಖಾರ ಮತ್ತು ಸಿಹಿಯನ್ನು ಒಟ್ಟಿಗೆ ತಿನ್ನುವ ಈ ಅಭ್ಯಾಸ ನಮಗೆ ವಿಚಿತ್ರವೆನಿಸಿದರೂ ಎರಡನೆಯ ದಿನಕ್ಕೆ ನಾಲಿಗೆ ಹೊಂದಿಕೊಂಡಿತು.

ಕಾಲೇಜಿನ ಕೆಲಸ ಮುಗಿಸಿ ಮಾರನೆಯ ದಿನ ಆಟೋ ಹಿಡಿದೆವು. ಅರಣ್ಯ ಎಂದರೆ ಚಾಲಕನಿಗೆ ಕೂಡಲೇ ತಿಳಿಯಲಿಲ್ಲ. "ವಿಜಯನಗರದ ಹತ್ತಿರ, ಸ್ಕೀಮ್ ನಂಬರ್ 78" ಎಂದಾಗ ತಲೆಯಾಡಿಸಿದ. ಹಳೆಯ ಆಗ್ರಾ - ಬೊಂಬಾಯಿ ಹೆದ್ದಾರಿಯ ಪಕ್ಕ, ನಗರದ ನಡುಭಾಗದಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಅದು ಇದೆ. ಅಂದು ನಗರದ ಹೊರವಲಯವಾಗಿದ್ದ ಜಾಗ ಇಂದು ಅಂಗಡಿ, ಕಚೇರಿ, ದಟ್ಟ ವಾಹನಗಳ ನಡುವೆ ಸೇರಿಹೋಗಿದೆ.

ನಿಜ ಹೇಳಬೇಕೆಂದರೆ ಮೊದಲ ನೋಟಕ್ಕೆ ನನಗೆ ನಿರಾಶೆಯಾಯಿತು. ಜಗತ್ತಿನಲ್ಲೆಲ್ಲ ಹೆಸರಾದ ಬಡಾವಣೆ ಎಂದು ಬಂದರೆ ಅಲ್ಲಿ ಕಂಡದ್ದು ಸಾಮಾನ್ಯ ಓಣಿಗಳು. ಒಂದು ಮನೆಗೆ ನೀಲಿ ಬಣ್ಣ, ಪಕ್ಕದ್ದಕ್ಕೆ ಹಸಿರು. ಒಂದಕ್ಕೆ ಒಂದೇ ಅಂತಸ್ತು, ಇನ್ನೊಂದಕ್ಕೆ ಮೂರು. ಹೊರಗಿನಿಂದಲೇ ಮೇಲೇರುವ ಕಿರಿದಾದ ಮೆಟ್ಟಿಲುಗಳು, ಬಾಲ್ಕನಿಯಲ್ಲಿ ಒಣಗುತ್ತಿರುವ ಬಟ್ಟೆಗಳು, ಬಾಗಿಲ ಬಳಿ ಜಗಲಿ. ಜಗಲಿಗೆ ಅಲ್ಲಿ 'ಓಟ್ಲಾ' ಎನ್ನುತ್ತಾರೆ. ಓಟ್ಲಾದ ಮೇಲೆ ಹೆಂಗಸರು ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಇದರಲ್ಲಿ ನೋಡುವುದೇನಿದೆ?" ಎಂದು ಮಗಳಿಗೆ ಫೋನಿನಲ್ಲಿ ಕೇಳಿದೆ. "ಯಾವುದಾದರೂ ಎರಡು ಮನೆ ಒಂದೇ ತರ ಇವೆಯಾ ನೋಡಿ" ಎಂದಳು. ನೋಡಿದೆ. ಇರಲಿಲ್ಲ.

ಒಂದು ಸೆಂಟ್ಸ್‌ಗಿಂತ ಕಡಿಮೆ ಜಾಗ

ಈ ಬಡಾವಣೆಯ ಹಿಂದಿನ ಕತೆ ಹೀಗಿದೆ. 1980ರ ದಶಕದಲ್ಲಿ ಇಂದೋರ್‌ನಲ್ಲಿ ಬಡವರಿಗೆ ಮನೆಗಳ ತೀವ್ರ ಕೊರತೆಯಿತ್ತು. ಇಂದೋರ್ ಅಭಿವೃದ್ಧಿ ಪ್ರಾಧಿಕಾರವು ಸುಮಾರು 85 ಹೆಕ್ಟೇರ್, ಅಂದರೆ 210 ಎಕರೆ ಜಾಗದಲ್ಲಿ ಬಡಾವಣೆ ಮಾಡಲು ನಿರ್ಧರಿಸಿತು. ಅದರ ಯೋಜನೆಯನ್ನು ಅಹ್ಮದಾಬಾದಿನ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ವಾಸ್ತು ಶಿಲ್ಪ ಪ್ರತಿಷ್ಠಾನ ರೂಪಿಸಿತು.

ದೋಶಿಯವರ ಹೆಸರು ನಿಮಗೆ ಹೊಸದಾಗಿರಬಹುದು, ಅವರ ಕೆಲಸ ಹೊಸದಲ್ಲ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಭಾರತೀಯ ಪ್ರಬಂಧನ ಸಂಸ್ಥೆಯ ಕಲ್ಲಿನ ಕಟ್ಟಡಗಳು ಅವರದೇ. 1927ರಲ್ಲಿ ಪುಣೆಯಲ್ಲಿ ಹುಟ್ಟಿದ ಅವರಿಗೆ 2018ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಭಾರತೀಯ ಅವರು. 2023ರ ಜನವರಿಯಲ್ಲಿ, 95ರ ವಯಸ್ಸಿನಲ್ಲಿ ತೀರಿಕೊಂಡರು.

ಇಂತಹ ದೊಡ್ಡ ವಾಸ್ತುಶಿಲ್ಪಿಯ ಸಂಸ್ಥೆ ಇಲ್ಲಿ ಮೊದಲು ಮಾಡಿದ ಕೆಲಸ ನಕ್ಷೆ ಬಿಡಿಸುವುದಲ್ಲ. ಇಂದೋರ್‌ನ ಕೊಳೆಗೇರಿಗಳಲ್ಲಿ ಜನರು ಹೇಗೆ ಬದುಕುತ್ತಾರೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದವರ ಜೊತೆಗೂಡಿ ಅಧ್ಯಯನ ಮಾಡಿದರು. ಅಳತೆಪಟ್ಟಿ ಹಿಡಿದು ಓಣಿ ಅಳೆದರು. ಜಗಲಿಯಲ್ಲಿ ಏನು ನಡೆಯುತ್ತದೆ, ಮರದಡಿಯಲ್ಲಿ ಯಾರು ಕೂರುತ್ತಾರೆ, ಮನೆಯ ಮುಂದೆಯೇ ಚಿಕ್ಕ ಅಂಗಡಿ ಹೇಗೆ ನಡೆಯುತ್ತದೆ ಎಂಬುದನ್ನೆಲ್ಲ ಬರೆದುಕೊಂಡರು. ಬಡವರು ಒಂದೇ ಸಲ ಮನೆ ಕಟ್ಟುವುದಿಲ್ಲ. ಮೊದಲು ತಗಡು, ಆಮೇಲೆ ಇಟ್ಟಿಗೆ, ಹಣ ಬಂದಾಗ ಇನ್ನೊಂದು ಕೋಣೆ. ಹೀಗೆ ಮನೆ ಸಂಸಾರದ ಜೊತೆಗೇ ಬೆಳೆಯುತ್ತದೆ. ಅರಣ್ಯದ ಯೋಜನೆಯೂ ಇದನ್ನೇ ಆಧಾರವಾಗಿಟ್ಟುಕೊಂಡಿತು.

ಸುಮಾರು 6,500 ನಿವೇಶನಗಳಲ್ಲಿ ಹೆಚ್ಚಿನವು ಕಡುಬಡವರಿಗೆ. ಅವುಗಳಲ್ಲಿ ಚಿಕ್ಕದರ ವಿಸ್ತೀರ್ಣ ಎಷ್ಟು ಗೊತ್ತೇ? ಸುಮಾರು 35 ಚದರ ಮೀಟರ್, ಅಂದರೆ 380 ಚದರಡಿ. ನಮ್ಮ ಊರಿನ ಲೆಕ್ಕದಲ್ಲಿ ಒಂದು ಸೆಂಟ್ಸ್‌ಗಿಂತಲೂ ಕಡಿಮೆ! ನನ್ನ ತಮ್ಮನ ಜಾಗದಲ್ಲಿ ಇಂತಹ ಹದಿಮೂರು ಮನೆಗಳು ಹಿಡಿಸುತ್ತವೆ.

ಆ ಜಾಗದಲ್ಲಿ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ಪಂಚಾಂಗ ಹಾಕಿದರು. ಒಂದು ಪಾಯಿಖಾನೆ, ಸ್ನಾನದ ಜಾಗ, ಅಡುಗೆಗೆ ಅಥವಾ ಮಲಗಲು ಒಂದು ಕೋಣೆ, ಅಷ್ಟೇ. ಹತ್ತು ಮನೆಗಳಿಗೊಂದು ಗುಂಪು, ಇಪ್ಪತ್ತು ಮನೆಗಳಿಗೊಂದು ಸೆಪ್ಟಿಕ್ ಟ್ಯಾಂಕ್, ನೀರು, ವಿದ್ಯುತ್, ಓಣಿಗೆ ಹಾಸು. ಮುಂದಿನದನ್ನು ನಿಮ್ಮ ಕೈಲಾದಾಗ, ನಿಮಗೆ ಬೇಕಾದಂತೆ ಕಟ್ಟಿಕೊಳ್ಳಿ ಎಂದು ಬಿಟ್ಟರು. ಓಣಿ ಮತ್ತು ಗೋಡೆಯ ನಡುವೆ ಅರ್ಧ ಮೀಟರ್ ಅಗಲದ ಪಟ್ಟಿಯನ್ನು ಜಗಲಿಗೆ, ಮೆಟ್ಟಿಲಿಗೆ, ಬಾಲ್ಕನಿಗೆ ಎಂದೇ ಇಟ್ಟರು. ಹೇಗೆಲ್ಲ ಕಟ್ಟಬಹುದು ಎಂದು ತೋರಿಸಲು ದೋಶಿಯವರು 80 ಮಾದರಿ ಮನೆಗಳನ್ನು ಕಟ್ಟಿಸಿದರು. ಹೀಗೇ ಕಟ್ಟಬೇಕೆಂಬ ಕಟ್ಟಳೆಯೇನೂ ಇರಲಿಲ್ಲ.

ಹೆದ್ದಾರಿಯ ಬದಿಯ ಮತ್ತು ಅಂಚಿನ ದೊಡ್ಡ ನಿವೇಶನಗಳನ್ನು ಅನುಕೂಲವಂತರಿಗೆ ಮಾರಿ, ಅದರಿಂದ ಬಂದ ಹಣವನ್ನು ಬಡವರ ನಿವೇಶನಗಳ ವೆಚ್ಚಕ್ಕೆ ಬಳಸಿದರು. ಬಡವರನ್ನೂ ಮಧ್ಯಮ ವರ್ಗದವರನ್ನೂ ಒಂದೇ ಬಡಾವಣೆಯಲ್ಲಿ ಬೆರೆಸಿದ ಈ ಪ್ರಯತ್ನವನ್ನು ಮೆಚ್ಚಿ 1995ರಲ್ಲಿ ಅರಣ್ಯಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಐದು ಸಲ ಬದಲಾದ ಮನೆ

ಇವೆಲ್ಲವೂ ಕಾಗದದ ಮೇಲಿನ ಮಾತು. ನನಗೆ ಅರ್ಥವಾದದ್ದು ಒಂದು ಓಟ್ಲಾದ ಮೇಲೆ ಕುಳಿತಾಗ.

ಬಿಸಿಲಿಗೆ ಬಳಲಿ ನಿಂತಿದ್ದ ನನ್ನನ್ನು ಕಂಡು ಎಪ್ಪತ್ತರ ಹತ್ತಿರದ ಹಿರಿಯರೊಬ್ಬರು, "ಬೇಟಿ, ಕೂತ್ಕೋ" ಎಂದು ಕರೆದು ನೀರು ಕೊಟ್ಟರು. ಸಲಾಂ ಹೇಳಿ ಕುಳಿತೆ. ಹೆಸರು ಬರೆಯಬೇಡ ಎಂದಿದ್ದಾರೆ, ಆದ್ದರಿಂದ ಖಾಲಾ ಎಂದೇ ಕರೆಯುತ್ತೇನೆ. ನನ್ನ ಹರಕು ಹಿಂದಿಯನ್ನು ತಾಳ್ಮೆಯಿಂದ ಕೇಳಿಸಿಕೊಂಡರು.

ಅವರ ಗಂಡ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮೂರು ಮಕ್ಕಳು. ಈ ಜಾಗಕ್ಕೆ ಬಂದಾಗ ಇದ್ದದ್ದು ಒಂದು ಕೋಣೆ, ಪಾಯಿಖಾನೆ ಮತ್ತು ಬರಿಯ ಪಂಚಾಂಗ. "ಅಕ್ಕಪಕ್ಕದ ನೆಂಟರು ನಕ್ಕರು. ಇದನ್ನು ಮನೆ ಅಂತಾರಾ ಎಂದು ಕೇಳಿದರು. ಆದರೆ ಬೇಟಿ, ಅದುವರೆಗೆ ನಾವು ಹೆಂಗಸರು ಬೆಳಕು ಹರಿಯುವ ಮೊದಲೇ ಬಯಲಿಗೆ ಹೋಗಿ ಬರಬೇಕಿತ್ತು. ನನಗೆ ಬಾಗಿಲಿರುವ ಪಾಯಿಖಾನೆ ಸಿಕ್ಕಿತು. ಉಳಿದದ್ದು ನಿಧಾನಕ್ಕೆ ಬರಲಿ ಎಂದುಕೊಂಡೆ" ಎಂದರು.

ಎರಡು ವರ್ಷಕ್ಕೆ ಮುಂದಿನ ಕೋಣೆ ಬಂತು. ಅಷ್ಟರಲ್ಲಿ ಮಿಲ್ಲು ಮುಚ್ಚಿತು. ಕೈಯಲ್ಲಿ ಕೆಲಸವಿಲ್ಲದೆ ಗಂಡ ಕುಳಿತಾಗ ಖಾಲಾ ಆ ಮುಂದಿನ ಕೋಣೆಯ ಕಿಟಕಿಯನ್ನು ಒಡೆಸಿ ಓಣಿಯತ್ತ ಬಾಗಿಲು ಮಾಡಿಸಿದರು. ಹೊಲಿಗೆ ಯಂತ್ರ ತಂದಿಟ್ಟರು. ಶಾಲೆಯ ಸಮವಸ್ತ್ರ, ರವಿಕೆ, ಸಲ್ವಾರ್. ಮನೆಯೇ ಅಂಗಡಿಯಾಯಿತು, ಅಂಗಡಿ ಮನೆಯನ್ನು ಸಾಕಿತು. ಆ ದುಡ್ಡಿನಿಂದಲೇ ಹೊರಗಡೆ ಮೆಟ್ಟಿಲು ಕಟ್ಟಿಸಿ ಮೇಲೊಂದು ಕೋಣೆ ಎಬ್ಬಿಸಿದರು. ದೊಡ್ಡ ಮಗನ ಮದುವೆಯಾಯಿತು, ಮಗ ಸೊಸೆ ಮೇಲೆ ನಿಂತರು. ಮೆಟ್ಟಿಲು ಹೊರಗಿದ್ದುದರಿಂದ ಅವರಿಗೂ ಬೇರೆ ಬಾಗಿಲು ಸಿಕ್ಕಿತು. "ಒಂದೇ ಮನೆಯಲ್ಲಿದ್ದೆವು, ಆದರೆ ಸೊಸೆಗೆ ಅವಳದೇ ಅಡುಗೆ ಒಲೆ ಇತ್ತು. ಅದಕ್ಕೇ ಜಗಳವಾಗಲಿಲ್ಲ" ಎಂದು ನಕ್ಕರು.

ಆಮೇಲೆ ಗಂಡನಿಗೆ ಪಾರ್ಶ್ವವಾಯು ಬಡಿಯಿತು. ಅಂಗಡಿಯ ಕೋಣೆಯನ್ನೇ ಮತ್ತೆ ಮಲಗುವ ಕೋಣೆ ಮಾಡಿದರು. ಪಾಯಿಖಾನೆ ಹತ್ತಿರವಿತ್ತು, ಓಣಿಯಲ್ಲಿ ಹೋಗಿ ಬರುವವರು ಬಾಗಿಲಲ್ಲಿ ನಿಂತು ಮಾತಾಡಿಸುತ್ತಿದ್ದರು. ಆರು ವರ್ಷ ಅವರು ಅಲ್ಲೇ ಮಲಗಿದ್ದು ಅಲ್ಲೇ ಕಣ್ಣು ಮುಚ್ಚಿದರು. ಈಗ ಮಗ ಬೇರೆ ಊರಿನಲ್ಲಿ. ಮೇಲಿನ ಕೋಣೆ ಬಾಡಿಗೆಗೆ. ಬಾಡಿಗೆಯಿಂದ ಖಾಲಾರ ಔಷಧಿಯ ಖರ್ಚು ಕಳೆಯುತ್ತದೆ. ಕೆಳಗೆ ಮೊಮ್ಮಗಳು ಓದಿಕೊಂಡಿದ್ದಾಳೆ.

ನಾನು ಬೆರಳು ಮಡಚಿ ಎಣಿಸಿದೆ. ಒಂದೇ ಮನೆ, ಒಂದು ಸೆಂಟ್ಸ್‌ಗಿಂತ ಕಡಿಮೆ ಜಾಗ. ಆದರೆ ಅದು ಕುಟುಂಬದ ಕಷ್ಟ ಸುಖಕ್ಕೆ ತಕ್ಕಂತೆ ಐದು ಸಲ ಬೇರೆ ಮನೆಯಾಗಿತ್ತು. ಪ್ರತಿಸಲವೂ ಎಲ್ಲಿ ಒಡೆಯಬೇಕು, ಎಲ್ಲಿ ಕಟ್ಟಬೇಕು ಎಂದು ನಿರ್ಧರಿಸಿದವರು ಅದರೊಳಗೆ ದಿನವಿಡೀ ಇರುವ ಈ ಹೆಂಗಸು.

ಕಳಚಿ ಜೋಡಿಸುವ ಮನೆಗಳು

ಮಾಡ್ಯುಲರ್ ಕಿಚನ್ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಕಾರ್ಖಾನೆಯಲ್ಲಿ ಒಂದೇ ಅಳತೆಯಲ್ಲಿ ತಯಾರಾದ ಪೆಟ್ಟಿಗೆಗಳನ್ನು ತಂದು ಜೋಡಿಸುವುದು, ಬೇಡವಾದರೆ ಕಳಚುವುದು. ಇಡೀ ಕಟ್ಟಡಗಳನ್ನೇ ಹೀಗೆ ಮಾಡುವುದು ಮುಂದಿನ ಕಾಲದ ವಾಸ್ತುಶಿಲ್ಪ ಎಂದು ಹಲವರು ಹೇಳುತ್ತಾರೆ. 2022ರ ಫುಟ್ಬಾಲ್ ವಿಶ್ವಕಪ್‌ಗೆ ದೋಹಾದಲ್ಲಿ ಕಟ್ಟಿದ 'ಸ್ಟೇಡಿಯಂ 974' ಅಂಥದ್ದು. ಅದರಲ್ಲಿ ಬಳಸಿದ ಹಡಗಿನ ಕಂಟೇನರುಗಳ ಸಂಖ್ಯೆಯೇ ಅದರ ಹೆಸರು. ಆಟ ಮುಗಿದ ಮೇಲೆ ಕಳಚಲು ಬರುವಂತೆಯೇ ಅದನ್ನು ರೂಪಿಸಲಾಗಿತ್ತು. ಕತಾರಿನಲ್ಲಿರುವ ನಮ್ಮವರಲ್ಲಿ ಎಷ್ಟೋ ಮಂದಿ ಅದನ್ನು ಕಣ್ಣಾರೆ ಕಂಡಿದ್ದಾರೆ.

ಆದರೆ ಪೆಟ್ಟಿಗೆ ಜೋಡಿಸಿದ ಮಾತ್ರಕ್ಕೆ ಮನೆ ಬದಲಾಗುತ್ತದೆಯೇ? ಇಂದೋರ್‌ನಿಂದ ಮರಳುವಾಗ ರೈಲಿನಲ್ಲಿ ಮಗಳು ಫೋನಿನಲ್ಲಿ ಹೇಳಿದ ಎರಡು ಕತೆಗಳನ್ನು ಕೇಳಿ.

ಜಪಾನಿನ ಟೋಕಿಯೋದಲ್ಲಿ 1972ರಲ್ಲಿ ಕಿಶೋ ಕುರೋಕಾವಾ ಎಂಬ ವಾಸ್ತುಶಿಲ್ಪಿ 'ನಕಾಗಿನ್ ಕ್ಯಾಪ್ಸೂಲ್ ಟವರ್' ಎಂಬ ಕಟ್ಟಡ ಕಟ್ಟಿದರು. ಎರಡು ಗೋಪುರಗಳು, ಅವುಗಳಿಗೆ ಬೋಲ್ಟ್ ಹಾಕಿ ಜೋಡಿಸಿದ 140 ಪೆಟ್ಟಿಗೆ ಕೋಣೆಗಳು. ಒಂದೊಂದೂ ಸುಮಾರು ಹತ್ತು ಚದರ ಮೀಟರ್. ಇಪ್ಪತ್ತೈದು ವರ್ಷಕ್ಕೊಮ್ಮೆ ಹಳೆಯ ಪೆಟ್ಟಿಗೆ ತೆಗೆದು ಹೊಸದನ್ನು ಕೂರಿಸಬಹುದು ಎಂಬುದು ಅವರ ಯೋಚನೆ. ಜಗತ್ತೇ ಬೆರಗಾಯಿತು. ಆದರೆ ಒಂದೇ ಒಂದು ಪೆಟ್ಟಿಗೆಯನ್ನೂ ಹಾಗೆ ಬದಲಿಸಲಾಗಲಿಲ್ಲ. ಅದಕ್ಕೆ ಬೇಕಾದ ಹಣವೂ, ಎಲ್ಲ ಮಾಲೀಕರ ಒಪ್ಪಿಗೆಯೂ ಒಟ್ಟಿಗೆ ಕೂಡಿ ಬರಲಿಲ್ಲ. ಪೆಟ್ಟಿಗೆಗಳು ಸೋರತೊಡಗಿದವು. 2022ರಲ್ಲಿ ಇಡೀ ಕಟ್ಟಡವನ್ನೇ ಕಳಚಿದರು. ಅದರ ಕೆಲವು ಪೆಟ್ಟಿಗೆಗಳನ್ನು ಮಾತ್ರ ನೆನಪಿಗೆಂದು ಉಳಿಸಿಕೊಂಡರು.

ಇನ್ನೊಂದು ಕತೆ ದಕ್ಷಿಣ ಅಮೆರಿಕದ ಚಿಲಿ ದೇಶದ್ದು. ಇಕಿಕೆ ಎಂಬ ಊರಿನಲ್ಲಿ ಸುಮಾರು ನೂರು ಬಡ ಕುಟುಂಬಗಳಿಗೆ ಮನೆ ಬೇಕಿತ್ತು. ಒಂದು ಕುಟುಂಬಕ್ಕೆ ಸಿಕ್ಕ ಸರಕಾರಿ ನೆರವು 7,500 ಡಾಲರ್. ಅದರಲ್ಲಿ ಒಳ್ಳೆಯ ಮನೆ ಆಗದು. ಅಲೆಹಾಂದ್ರೋ ಅರವೇನಾ ಎಂಬ ವಾಸ್ತುಶಿಲ್ಪಿ, ಕೆಟ್ಟದಾದ ಒಂದು ಪೂರ್ತಿ ಮನೆಯ ಬದಲು ಒಳ್ಳೆಯದಾದ ಅರ್ಧ ಮನೆ ಕಟ್ಟೋಣ ಎಂದರು. ಬಡವರು ತಾವಾಗಿ ಮಾಡಿಕೊಳ್ಳಲಾಗದ ಅರ್ಧವನ್ನು, ಅಂದರೆ ಗಟ್ಟಿ ಗೋಡೆ, ಮೆಟ್ಟಿಲು, ಅಡುಗೆಮನೆ, ಬಚ್ಚಲನ್ನು ಕಟ್ಟಿಕೊಟ್ಟು ಪಕ್ಕದಲ್ಲಿ ಅಷ್ಟೇ ಜಾಗ ಖಾಲಿ ಬಿಟ್ಟರು. 2004ರಲ್ಲಿ ಮನೆಗಳು ಮುಗಿದವು. ಜನರು ಬೇಗನೆ ಆ ಖಾಲಿ ಜಾಗ ತುಂಬಿಕೊಂಡರು. 2016ರಲ್ಲಿ ಅರವೇನಾರಿಗೂ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ಎರಡರ ನಡುವಿನ ವ್ಯತ್ಯಾಸ ನೋಡಿದಿರಾ? ಟೋಕಿಯೋದಲ್ಲಿ ಮನೆ ಬದಲಿಸಬೇಕಾದರೆ ಕ್ರೇನ್ ಬೇಕು, ಕಾರ್ಖಾನೆ ಬೇಕು, ಎಲ್ಲ ನೆರೆಯವರ ಸಹಿ ಬೇಕು. ಇಕಿಕೆಯಲ್ಲೂ ಇಂದೋರ್‌ನಲ್ಲೂ ಒಬ್ಬ ಮೇಸ್ತ್ರಿ, ಒಂದಿಷ್ಟು ಇಟ್ಟಿಗೆ, ಮನೆಯವರ ಮನಸ್ಸು ಇದ್ದರೆ ಸಾಕು. ವಾಸಿಸುವವರ ಕೈಗೆ ಎಟುಕುವಂತಿದ್ದರೆ ಮಾತ್ರ ಮನೆ ನಿಜವಾಗಿ ಬದಲಾಗುತ್ತದೆ.

ಹಾಗೆಂದು ಅರಣ್ಯದಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳಲಾರೆ. ಕೆಲವೆಡೆ ಓಟ್ಲಾಗಳನ್ನು ಕಬ್ಬಿಣದ ಗ್ರಿಲ್ ಹಾಕಿ ಮುಚ್ಚಿದ್ದಾರೆ. ಮಕ್ಕಳು ಆಡಬೇಕಾದ ಓಣಿಯಲ್ಲಿ ಬೈಕುಗಳು ನಿಂತಿವೆ. ಮೇಲೆ ಮೇಲೆ ಏರಿಸಿದ ಕೆಲವು ಮನೆಗಳು ಪಕ್ಕದವರ ಗಾಳಿ ಬೆಳಕನ್ನು ನುಂಗಿವೆ. ಜಾಗದ ಬೆಲೆ ಏರಿದಾಗ ನಿವೇಶನ ಮಾರಿ ಹೋದ ಬಡವರೂ ಇದ್ದಾರೆ. ಮಾದರಿ ಮನೆಗಳನ್ನು ಗುರುತಿಸುವುದೇ ಈಗ ಕಷ್ಟ. "ನಮ್ಮ ಓಣಿಯಲ್ಲಿ ಮೊದಲಿನವರು ಅರ್ಧದಷ್ಟೂ ಉಳಿದಿಲ್ಲ" ಎಂದು ಖಾಲಾ ಹೇಳಿದರು. ಬೆಳೆಯುವ ಮನೆಗೂ ಒಂದು ಮಿತಿ ಬೇಕು, ನೆರೆಯವರ ಹಕ್ಕಿನ ನೆನಪು ಬೇಕು.

ನಮ್ಮ ಹಂಚಿನ ಮನೆಗಳು

ರೈಲು ಕೊಂಕಣದ ಸುರಂಗಗಳನ್ನು ದಾಟಿ ನಮ್ಮ ಕರಾವಳಿಗೆ ಬಂದಾಗ ಕಿಟಕಿಯಾಚೆ ತೆಂಗಿನ ನಡುವೆ ಹಂಚಿನ ಮಾಡುಗಳು ಕಾಣತೊಡಗಿದವು. ಆಗ ನನಗೆ ಅಜ್ಜಿಯ ಮನೆ ನೆನಪಾಯಿತು.

ಅಜ್ಜಿಯ ಮನೆ ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ಅಜ್ಜ ಕಟ್ಟಿಸಿದಾಗ ಅದು ಒಂದು ಚಾವಡಿ, ಎರಡು ಕೋಣೆ, ಒಂದು ಅಡುಗೆಮನೆ. ದೊಡ್ಡ ಮಾವನ ಮದುವೆಗೆ ಪಶ್ಚಿಮಕ್ಕೆ ಒಂದು ಕೋಣೆ ಸೇರಿತು. ಚಿಕ್ಕಮ್ಮ ಗಂಡನನ್ನು ಕಳೆದುಕೊಂಡು ಮಕ್ಕಳೊಂದಿಗೆ ಬಂದಾಗ ಹಿಂದಿನ ಜಗಲಿಗೆ ಗೋಡೆ ಎದ್ದು ಅದು ಅವರ ಕೋಣೆಯಾಯಿತು. ಗೋಡೆ ಕೆಡವಿದಾಗ ಅದರ ಕಲ್ಲುಗಳನ್ನು ಬಿಸಾಡದೆ ಹೊಸ ಗೋಡೆಗೆ ಬಳಸಿದ್ದರು. ಮಳೆಗಾಲಕ್ಕೆ ಮೊದಲು ಒಡೆದ ಹಂಚುಗಳನ್ನು ಮಾತ್ರ ಬದಲಿಸುತ್ತಿದ್ದರು, ಇಡೀ ಮಾಡು ಇಳಿಸಬೇಕಾಗಿರಲಿಲ್ಲ.

ಯೋಚಿಸಿದರೆ ಮಂಗಳೂರು ಹಂಚು ತಾನೇ ಒಂದು ಮಾಡ್ಯುಲರ್ ವಸ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದರು. ಒಂದೇ ಅಳತೆ, ಒಂದಕ್ಕೊಂದು ಕೊಂಡಿಯಂತೆ ಕೂರುವ ಅಂಚು. ಮಾಡು ಎಷ್ಟು ಬೇಕಾದರೂ ಬೆಳೆಯಲಿ, ಹಂಚು ಅದೇ. ನಾವು ಹೊಸದೆಂದು ಬೆರಗಾಗುವ ವಿಷಯವನ್ನು ನಮ್ಮ ಅಜ್ಜಿಯರು ಹೆಸರು ಗೊತ್ತಿಲ್ಲದೆಯೇ ಬಾಳಿ ತೋರಿಸಿದ್ದರು.

ಆ ಬುದ್ಧಿಯನ್ನು ಯಾವಾಗ ಕೈಬಿಟ್ಟೆವು? ಗಲ್ಫ್‌ನ ಹಣ ಬಂದ ಮೇಲೆ ಮನೆಯನ್ನು ಒಂದೇ ಸಲಕ್ಕೆ, ಪೂರ್ತಿಯಾಗಿ, ನೆರೆಯವರಿಗಿಂತ ಒಂದು ಅಂತಸ್ತು ಎತ್ತರವಾಗಿ ಕಟ್ಟಬೇಕೆಂಬ ಹಟ ನಮ್ಮಲ್ಲಿ ಹುಟ್ಟಿತು. ಕಟ್ಟಿದವನು ಆ ಮನೆಯಲ್ಲಿ ಮಲಗುವುದು ಎರಡು ವರ್ಷಕ್ಕೊಮ್ಮೆ ಬಂದಾಗ ಸಿಗುವ ರಜೆಯಲ್ಲಿ ಮಾತ್ರ. ಉಳಿದ ದಿನ ಆ ಮನೆಯ ಸಾಲ ತೀರಿಸಲು ಅವನು ಅಲ್ಲಿ ಹಂಚಿಕೊಂಡ ಕೋಣೆಯ ಮಂಚದಲ್ಲಿರುತ್ತಾನೆ. ಇಲ್ಲಿ ಅವನ ಹೆಂಡತಿ ಯಾರೂ ಮಲಗದ ಕೋಣೆಗಳ ಧೂಳು ಗುಡಿಸುತ್ತಾಳೆ. ನಿಮ್ಮ ಊರಿನಲ್ಲೂ ಇಂತಹ ಮನೆಗಳಿಲ್ಲವೇ?

ತಮ್ಮನಿಗೆ ಹೇಳಿದ್ದು

ಊರಿಗೆ ಬಂದ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಖಾಲಾರ ಮನೆಯ ಕತೆಯನ್ನು ಪೂರ್ತಿ ಹೇಳಿದೆ. "ಅವರು ಬಡವರು ಅಕ್ಕಾ, ಬೇರೆ ದಾರಿಯಿರಲಿಲ್ಲ" ಎಂದ. "ನಿನಗೆ ದಾರಿ ಇದೆಯಲ್ಲ, ಅದಕ್ಕೇ ಹೇಳುವುದು. ನಿನ್ನ ಮಗನಿಗೆ ಈಗ ಎಂಟು ವರ್ಷ. ಮೇಲಿನ ನಾಲ್ಕು ಕೋಣೆಗಳಲ್ಲಿ ಮಲಗುವವರು ಯಾರು? ಉಮ್ಮ ಮೆಟ್ಟಿಲು ಹತ್ತುತ್ತಾರಾ?" ಎಂದು ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಜನ ಏನಂತಾರೆ ಅಕ್ಕಾ?" ಎಂದ. ನಿಜವಾದ ತೊಡಕು ಇದೇ ಆಗಿತ್ತು. "ಜನ ನಿನ್ನ ಕಂತು ಕಟ್ಟುವುದಿಲ್ಲ" ಎಂದೆ.

ಒಂದು ತಿಂಗಳ ನಂತರ ಹೊಸ ನಕ್ಷೆ ಬಂತು. ಕೆಳಗೆ ಮಾತ್ರ ಸಾವಿರದ ಇನ್ನೂರು ಚದರಡಿ. ಎರಡು ಮಲಗುವ ಕೋಣೆ, ಅದರಲ್ಲಿ ಒಂದು ಉಮ್ಮನಿಗೆ, ಪಕ್ಕದಲ್ಲೇ ಬಚ್ಚಲು. ಮೇಲಿನದು ಮಗ ದೊಡ್ಡವನಾದಾಗ ನೋಡೋಣ ಎಂದಿದ್ದಾನೆ. ಬ್ಯಾಂಕಿಗೆ ಹೋಗಲಿಲ್ಲ. ಈಗ ಪಂಚಾಂಗ ಮುಗಿದು ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ಉಮ್ಮ ದಿನಾ ಸಂಜೆ ಹೋಗಿ ಗೋಡೆಗೆ ನೀರು ಹಾಕುವುದನ್ನು ನೋಡುತ್ತಾ ಕುಳಿತಿರುತ್ತಾರೆ.

ನೀವೂ ಮನೆ ಕಟ್ಟಿಸುವ ಯೋಚನೆಯಲ್ಲಿದ್ದರೆ ಎಂಜಿನಿಯರ್ ಹತ್ತಿರ ಈ ಕೆಲವು ಮಾತುಗಳನ್ನು ಕೇಳಿಕೊಳ್ಳಿ:

ಮುಂದೆ ಮಹಡಿ ಏರಿಸುವ ಆಸೆಯಿದ್ದರೆ ಪಂಚಾಂಗ ಮತ್ತು ಪಿಲ್ಲರ್‌ಗಳನ್ನು ಅದಕ್ಕೆ ತಕ್ಕ ಬಲದಲ್ಲಿ ಈಗಲೇ ಹಾಕಿಸಿ. ಆಮೇಲೆ ಸೇರಿಸಲು ಅತಿ ಕಷ್ಟವಾದದ್ದು ಇದೇ. ತಾರಸಿಯ ಮೇಲೆ ಬಿಟ್ಟ ಕಬ್ಬಿಣದ ಸರಳುಗಳು ತುಕ್ಕು ಹಿಡಿಯದಂತೆ ಮುಚ್ಚಿಸಿ.

ಮೆಟ್ಟಿಲಿನ ಜಾಗವನ್ನು ಯೋಚಿಸಿ ಇಡಿ. ಹೊರಗಿನಿಂದಲೂ ಬಾಗಿಲು ಬರುವಂತಿದ್ದರೆ ಮುಂದೆ ಮಗ ಸೊಸೆಗೋ ಬಾಡಿಗೆಗೋ ಅನುಕೂಲ.

ಅಡುಗೆಮನೆ, ಬಚ್ಚಲು, ಪಾಯಿಖಾನೆ ಹತ್ತಿರ ಹತ್ತಿರ ಇರಲಿ. ನೀರಿನ ಪೈಪುಗಳು ಒಂದೇ ಕಡೆ ಇದ್ದರೆ ಉಳಿದ ಕೋಣೆಗಳನ್ನು ಬದಲಿಸುವುದು ಸುಲಭ.

ಭಾರ ಹೊರುವ ಗೋಡೆ ಯಾವುದು, ತೆಗೆಯಬಹುದಾದ ಗೋಡೆ ಯಾವುದು ಎಂದು ನಕ್ಷೆಯಲ್ಲಿ ಗುರುತು ಹಾಕಿಸಿ, ಆ ನಕ್ಷೆಯನ್ನು ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ. ಎಂಜಿನಿಯರ್‌ಗೆ ಕೇಳದೆ ಯಾವ ಗೋಡೆಯನ್ನೂ ಒಡೆಸಬೇಡಿ. ಹೊಸದಾಗಿ ಸೇರಿಸುವಾಗ ಪಂಚಾಯತ್ ಅಥವಾ ನಗರಸಭೆಯ ಪರವಾನಗಿ ಬೇಕೇ ಎಂದು ವಿಚಾರಿಸಿ.

ಕೆಳಗೆ ಒಂದು ಕೋಣೆ ಮತ್ತು ಬಚ್ಚಲು ಇರಲೇಬೇಕು. ಬಚ್ಚಲಿನ ಬಾಗಿಲು ಗಾಲಿಕುರ್ಚಿ ಹೋಗುವಷ್ಟು ಅಗಲವಿರಲಿ. ಇಂದು ಅತ್ತೆಗೆ, ನಾಳೆ ನಮಗೆ.

ಎಲ್ಲಕ್ಕಿಂತ ಮುಖ್ಯವಾಗಿ, ನಕ್ಷೆಯ ಮುಂದೆ ಮನೆಯ ಹೆಂಗಸರೂ ಕುಳಿತುಕೊಳ್ಳಲಿ. ಕಟ್ಟಿಸುವ ಹಣ ಯಾರದೇ ಇರಲಿ, ಬೆಳಗಿನಿಂದ ರಾತ್ರಿಯವರೆಗೆ ಆ ಗೋಡೆಗಳ ನಡುವೆ ಓಡಾಡುವವರು ನಾವು. ಎಲ್ಲಿ ಕತ್ತಲೆ, ಎಲ್ಲಿ ಇಕ್ಕಟ್ಟು, ನಾಳೆ ಎಲ್ಲಿ ಒಂದು ಮಂಚ ಹಾಕಬೇಕಾದೀತು ಎಂಬುದು ನಮಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ಖಾಲಾರ ಓಟ್ಲಾದಿಂದ ಎದ್ದು ಹೊರಡುವಾಗ, "ನಿಮ್ಮ ಮನೆ ಈಗ ಪೂರ್ತಿಯಾಯಿತಾ?" ಎಂದು ಕೇಳಿದ್ದೆ. ಅವರು ಮೇಲಿನ ಕೋಣೆಯತ್ತ ನೋಡಿ, "ಮೊಮ್ಮಗಳು ಓದಿ ಮುಗಿಸಲಿ. ಮುಂದಿನ ಕೋಣೆಯಲ್ಲಿ ಟ್ಯೂಷನ್ ಶುರು ಮಾಡುತ್ತಾಳಂತೆ. ಇನ್ನೊಂದು ಕಿಟಕಿ ಇಡಿಸಬೇಕು" ಎಂದರು.